ಆಂಟೆನಾ ಟ್ಯೂನರ್: ನಾವು ಕಲಿತದ್ದು, ಕೆಡಿಸಿದ್ದು

ಇಸಿ ಬ್ಲಾಕ್ ಟೆರೇಸಿಂದ ಸೈಕಲ್ ಸ್ಟ್ಯಾಂಡ್ ಪಕ್ಕದ ತೆಂಗಿನಮರಕ್ಕೆ ಒಂದು ತಂತಿ ಕಟ್ಟಿದೆಯಲ್ಲ, ಅದು ಏನು ಅಂತ ಈ ಸೆಮಿಸ್ಟರ್ ಪೂರ್ತಿ ಎಲ್ಲರೂ ಕೇಳ್ತಾ ಇದ್ದಾರೆ. ಬಟ್ಟೆ ಒಣಗಿಸೋಕೆ ಅಂತ ಮೆಕ್ಯಾನಿಕಲ್‌ನವರು ಹೇಳ್ಕೊಂಡು ತಿರುಗ್ತಿದ್ದಾರೆ. ಅಲ್ಲ. ಅದು ನಮ್ಮ ಹ್ಯಾಮ್ ರೇಡಿಯೋ ತಂಡದ ಆಂಟೆನಾ. ನಾವು ನಾಲ್ಕು ಜನ, ಅದರಲ್ಲಿ ಲೈಸೆನ್ಸ್ ಇರೋರು ಇಬ್ಬರು. ಕನ್ನಡ ಬಳಗದ ಸಂಪಾದಕರು "ಬರೀ ಕಥೆ ಕವನಾನೇ ಬರ್ತಿದೆ, ಏನಾದ್ರೂ ಟೆಕ್ನಿಕಲ್ ಕೊಡಿ" ಅಂದಿದ್ದಕ್ಕೆ ಈ ಲೇಖನ. ನಾವೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಹಾಗಾಗಿ ಅರ್ಧಕ್ಕರ್ಧ ಇಂಗ್ಲಿಷ್ ಪದಗಳೇ ಬರುತ್ತವೆ. ಇಂಪೀಡೆನ್ಸ್‌ಗೆ ನಿಘಂಟಿನಲ್ಲಿ ಕನ್ನಡ ಪದ ಇರಬಹುದು, ಆದರೆ ಲ್ಯಾಬಲ್ಲಿ ಅದನ್ನ ಹೇಳಿದ್ರೆ ಲ್ಯಾಬ್ ಅಸಿಸ್ಟೆಂಟ್‌ಗೂ ಅರ್ಥ ಆಗಲ್ಲ.

ಮೊದಲು ಲೈಸೆನ್ಸ್ ವಿಷಯ ಮುಗಿಸಿಬಿಡೋಣ. ನಮ್ಮ ದೇಶದಲ್ಲಿ ಹ್ಯಾಮ್ ರೇಡಿಯೋದಲ್ಲಿ ಮಾತಾಡಬೇಕಾದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ ನಡೆಸುವ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೋಬೇಕು. ಪರೀಕ್ಷೆಯಲ್ಲಿ ರೇಡಿಯೋ ಥಿಯರಿ ಒಂದು ಭಾಗ, ನಿಯಮಗಳು ಇನ್ನೊಂದು ಭಾಗ. ರೆಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಬೇಡ, ಕರೆಚಿಹ್ನೆ ವಿಯು3 ಅಂತ ಶುರುವಾಗುತ್ತೆ. ಜನರಲ್ ಗ್ರೇಡ್‌ಗೆ ಮೋರ್ಸ್ ಬೇಕು, ಅವರದ್ದು ವಿಯು2. ಎರಡನೇ ಸೆಮ್‌ನ ನೆಟ್‌ವರ್ಕ್ ಥಿಯರಿ ಓದಿದವರಿಗೆ ಪರೀಕ್ಷೆ ಕಷ್ಟ ಏನಿಲ್ಲ. ಪರೀಕ್ಷೆ ಆದಮೇಲೆ ಕಾಯೋದು ಕಷ್ಟ. ಲೈಸೆನ್ಸ್ ಕೈಗೆ ಬರೋ ತನಕ ಪಿಟಿಟಿ ಒತ್ತೋ ಹಾಗಿಲ್ಲ. ನಮಗೆ ಜುಲೈನಲ್ಲಿ ಬಂತು.

ರೇಡಿಯೋ ನಮ್ಮದಲ್ಲ. ಇಲ್ಲಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಊರಲ್ಲಿರೋ ಒಬ್ಬರು ಹಿರಿಯ ಹ್ಯಾಮ್, ವಯಸ್ಸು ಎಪ್ಪತ್ತು ದಾಟಿದೆ, ತಮ್ಮ ಹತ್ತಿರ ಇದ್ದ ಎರಡನೇ ಸೆಟ್ಟನ್ನ ಮೇ ತಿಂಗಳಲ್ಲಿ ನಮಗೆ ಕೊಟ್ಟರು. ಕೊಡುವಾಗ ಹೇಳಿದ್ದು ಎರಡೇ ಮಾತು. "ಫೈನಲ್ಸ್ ಸುಡಬೇಡಿ. ಲೈಸೆನ್ಸ್ ಬಂದ ಮೇಲೆ ಭಾನುವಾರ ಬೆಳಿಗ್ಗೆ 8 ಗಂಟೆಗೆ 40 ಮೀಟರ್ ಬ್ಯಾಂಡಲ್ಲಿ ಕೂಗಿ, ನಾನು ಕೇಳ್ತಾ ಕೂತಿರ್ತೀನಿ." ಫೈನಲ್ಸ್ ಅಂದರೆ ರೇಡಿಯೋ ಒಳಗೆ ಕಡೆಯಲ್ಲಿ ಪವರ್ ಹೊರಗೆ ತಳ್ಳೋ ಟ್ರಾನ್ಸಿಸ್ಟರ್‌ಗಳು. ಅವು ಸುಟ್ಟರೆ ನಮ್ಮ ನಾಲ್ಕು ಜನರ ಒಂದು ತಿಂಗಳ ಪಾಕೆಟ್ ಮನಿ ಸೇರಿಸಿದರೂ ಸಾಲಲ್ಲ.

ಸರಿ, ಟ್ಯೂನರ್ ಯಾಕೆ ಬೇಕು? ಬಟ್ಟೆ ಒಣಹಾಕೋ ಹಗ್ಗದ ಒಂದು ತುದಿ ಗೋಡೆಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಒಮ್ಮೆ ಜಾಡಿಸಿ ನೋಡಿ. ಅಲೆ ಗೋಡೆ ತನಕ ಹೋಗಿ ವಾಪಸ್ ನಿಮ್ಮ ಕೈಗೇ ಬರುತ್ತೆ. ಕೇಬಲ್ಲಲ್ಲೂ ಹಾಗೇ. ರೇಡಿಯೋ ಮತ್ತು ಕೋಆಕ್ಸ್ ಎರಡೂ 50 ಓಮ್‌ಗೆ ಮಾಡಿದ್ದು. ಕೇಬಲ್ಲಿನ ತುದಿಯಲ್ಲಿ ಆಂಟೆನಾ 50 ಓಮ್ ಆಗಿ ಕಾಣದಿದ್ದರೆ ಪವರ್‌ನ ಒಂದು ಭಾಗ ಹಿಂದಕ್ಕೆ ತಿರುಗುತ್ತೆ. ಹೋಗೋ ಅಲೆ, ಬರೋ ಅಲೆ ಸೇರಿ ಎಷ್ಟು ಗಲಾಟೆ ಮಾಡ್ತಿವೆ ಅನ್ನೋದಕ್ಕೆ ಒಂದು ಅಂಕಿ ಇದೆ, ಅದೇ ಎಸ್‌ಡಬ್ಲ್ಯೂಆರ್. 1 ಇದ್ದರೆ ಏನೂ ವಾಪಸ್ ಬರ್ತಿಲ್ಲ. 2 ಇದ್ದರೆ ಸುಮಾರು 11 ಪರ್ಸೆಂಟ್ ವಾಪಸ್, 3 ಇದ್ದರೆ 25 ಪರ್ಸೆಂಟ್. ಈಗಿನ ರೇಡಿಯೋಗಳು ಜಾಸ್ತಿ ಎಸ್‌ಡಬ್ಲ್ಯೂಆರ್ ನೋಡಿದ ತಕ್ಷಣ ಹೆದರಿ ತಾವೇ ಪವರ್ ಇಳಿಸ್ತವೆ. ಹಳೇ ಸೆಟ್‌ಗಳು ಅಷ್ಟು ಜಾಣ ಅಲ್ಲ.

ಟ್ಯೂನರ್ ಆಂಟೆನಾವನ್ನು ಟ್ಯೂನ್ ಮಾಡಲ್ಲ! ಹೆಸರೇ ತಪ್ಪು. ಮೇಲಿನ ತಂತಿ ಹೇಗಿತ್ತೋ ಹಾಗೇ ಇರುತ್ತೆ. ಟ್ಯೂನರ್ ನಡುವೆ ಕೂತು, ಆ ಕಡೆ ಏನೇ ಇದ್ದರೂ ಈ ಕಡೆ ರೇಡಿಯೋಗೆ 50 ಓಮ್ ಕಾಣೋ ಹಾಗೆ ಮಾಡುತ್ತೆ, ಅಷ್ಟೆ. ಒಂದು ರೀತೀಲಿ ರೇಡಿಯೋ ಕಣ್ಣಿಗೆ ಮಣ್ಣೆರಚೋ ಕೆಲಸ. ನಮ್ಮ ಕಣ್ಣಿಗೂ ಎರಚುತ್ತೆ, ಅದನ್ನ ಆಮೇಲೆ ಹೇಳ್ತೀವಿ.

ನಾವು ತಗೊಂಡಿದ್ದು ಎಟಿಯು-100 ಕಿಟ್. ಎನ್7ಡಿಡಿಸಿ ಅನ್ನೋ ಕರೆಚಿಹ್ನೆಯ ಹ್ಯಾಮ್ ಒಬ್ಬರು ಮಾಡಿ, ಸರ್ಕ್ಯೂಟ್ ಮತ್ತು ಕೋಡ್ ಎರಡನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿರೋ ಡಿಸೈನ್. ಒಳಗೆ ಒಂದು ಪಿಐಸಿ ಮೈಕ್ರೋಕಂಟ್ರೋಲರ್, ಸಣ್ಣ ಓಎಲ್‌ಇಡಿ ಡಿಸ್‌ಪ್ಲೇ, ಸಾಲಾಗಿ ರಿಲೇಗಳು. ಏಳು ಇಂಡಕ್ಟರ್, ಏಳು ಕೆಪಾಸಿಟರ್. ಒಂದೊಂದೂ ಹಿಂದಿನದಕ್ಕಿಂತ ಸುಮಾರು ಎರಡರಷ್ಟು: ಇಂಡಕ್ಟರ್‌ಗಳು 0.05, 0.11, 0.22, 0.45, 1.0, 2.2, 4.4 ಮೈಕ್ರೋಹೆನ್ರಿ ಆಸುಪಾಸು, ಕೆಪಾಸಿಟರ್‌ಗಳು 10, 22, 47, 100, 220, 470, 1000 ಪಿಕೋಫ್ಯಾರಡ್. ಡಿಜಿಟಲ್ ಕ್ಲಾಸಲ್ಲಿ ಬೈನರಿ ವೆಯ್ಟ್ ಅಂತ ಓದಿದ್ದೀವಲ್ಲ, ಅದೇ. ಇಂಡಕ್ಟರ್‌ಗಳು ಸೀರೀಸಲ್ಲಿ, ಕೆಪಾಸಿಟರ್‌ಗಳು ನೆಲಕ್ಕೆ. ಇನ್ನೊಂದು ರಿಲೇ ಕೆಪಾಸಿಟರ್‌ಗಳನ್ನ ಆಂಟೆನಾ ಕಡೆಗೋ ರೇಡಿಯೋ ಕಡೆಗೋ ಬದಲಾಯಿಸುತ್ತೆ. ಆಂಟೆನಾ 50 ಓಮ್‌ಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಆಂಟೆನಾ ಕಡೆ, ಕಮ್ಮಿ ಇದ್ದರೆ ರೇಡಿಯೋ ಕಡೆ. ಒಟ್ಟು 128 ಗುಣಿಸು 128 ಗುಣಿಸು 2, ಅಂದರೆ 32,768 ಕಾಂಬಿನೇಷನ್. ಎಲ್ಲವನ್ನೂ ಅದು ಟ್ರೈ ಮಾಡಲ್ಲ. ಮೊದಲು ದೊಡ್ಡ ಹೆಜ್ಜೆ ಹಾಕಿ ಎಲ್ಲಿ ಎಸ್‌ಡಬ್ಲ್ಯೂಆರ್ ಇಳೀತಿದೆ ನೋಡಿ, ಆಮೇಲೆ ಅಲ್ಲೇ ಸುತ್ತಮುತ್ತ ಸಣ್ಣ ಹೆಜ್ಜೆ. ಕೆಲವೇ ಸೆಕೆಂಡಲ್ಲಿ ಮುಗಿಯುತ್ತೆ. ಬಾಣಲೆಗೆ ಸಾಸಿವೆ ಬಿದ್ದ ಹಾಗೆ ಚಟಚಟ ಸದ್ದು.

ಲೆಕ್ಕ ಇಷ್ಟ ಇಲ್ಲದವರು ಈ ಪ್ಯಾರಾ ಹಾರಿಸಬಹುದು. ಆಂಟೆನಾ 200 ಓಮ್ ಇದೆ, ಫ್ರೀಕ್ವೆನ್ಸಿ 7.1 ಮೆಗಾಹರ್ಟ್ಸ್ ಅಂತಿಟ್ಟುಕೊಳ್ಳಿ. 200 ಭಾಗಿಸು 50, ಅಂದರೆ 4. ಅದರಿಂದ 1 ಕಳೆದು ವರ್ಗಮೂಲ ತೆಗೆದರೆ 1.73, ಇದೇ ಕ್ಯೂ. ಸೀರೀಸ್ ರಿಯಾಕ್ಟೆನ್ಸ್ 50 ಗುಣಿಸು 1.73, ಸುಮಾರು 86.6 ಓಮ್. ನೆಲಕ್ಕೆ ಹೋಗೋ ಕೆಪಾಸಿಟರ್‌ದು 200 ಭಾಗಿಸು 1.73, ಸುಮಾರು 115.5 ಓಮ್. 7.1 ಮೆಗಾಹರ್ಟ್ಸಲ್ಲಿ ಇವು 1.94 ಮೈಕ್ರೋಹೆನ್ರಿ, 194 ಪಿಕೋಫ್ಯಾರಡ್ ಆಗ್ತವೆ. ಬೋರ್ಡ್‌ನಲ್ಲಿ ಕರೆಕ್ಟಾಗಿ ಅಷ್ಟೇ ಸಿಗಲ್ಲ. ಮೊದಲ ಐದು ಇಂಡಕ್ಟರ್ ಸೇರಿಸಿದರೆ 1.83, ಮೊದಲ ನಾಲ್ಕು ಕೆಪಾಸಿಟರ್ ಸೇರಿಸಿದರೆ 179. ಇದನ್ನೇ ಹಾಕಿ ಲೆಕ್ಕ ಮಾಡಿದರೆ ಎಸ್‌ಡಬ್ಲ್ಯೂಆರ್ 1.2 ಬರುತ್ತೆ. ಸಾಕೇ ಸಾಕು. ಡಿಸ್‌ಪ್ಲೇನಲ್ಲಿ 1.0 ಬರಲೇಬೇಕು ಅಂತ ಹತ್ತು ಸಲ ಬಟನ್ ಒತ್ತೋದು ಹುಚ್ಚು. ನಮ್ಮಲ್ಲಿ ಒಬ್ಬನಿಗೆ ಈಗಲೂ ಆ ಹುಚ್ಚಿದೆ.

ಇನ್ನು ತಂತಿ. ಇಲ್ಲಿ ನಾವು ಮೊದಲನೇ ತಪ್ಪು ಮಾಡಿದ್ವಿ. ಪುಸ್ತಕದಲ್ಲಿ ಅರ್ಧ ತರಂಗಾಂತರ ಒಳ್ಳೇದು ಅಂತ ಇತ್ತು. 7.1 ಮೆಗಾಹರ್ಟ್ಸ್‌ಗೆ ಅದು ಸುಮಾರು 20 ಮೀಟರ್. 20 ಮೀಟರ್ ತಂತಿ ಕತ್ತರಿಸಿ, ಟೆರೇಸಿನ ತುದಿಗೆ ಒಂದಕ್ಕೆ ಒಂಬತ್ತರ ಟ್ರಾನ್ಸ್‌ಫಾರ್ಮರ್ ಹಾಕಿ, ಅದರಿಂದ ಕೋಆಕ್ಸ್ ಇಳಿಸಿದ್ವಿ. ಡೈಪೋಲ್ ಆಗಿ ಮಧ್ಯದಲ್ಲಿ ಕನೆಕ್ಷನ್ ಕೊಟ್ಟಿದ್ದರೆ ಅದೇ ಅಳತೆ ಚೆನ್ನಾಗೇ ಇರ್ತಿತ್ತು. ನಾವು ಕೊಟ್ಟಿದ್ದು ತುದಿಯಲ್ಲಿ. ಅರ್ಧ ತರಂಗಾಂತರದ ತಂತಿಯ ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ಕರೆಂಟ್ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಹಾಗಾಗಿ ಇಂಪೀಡೆನ್ಸ್ ಸಾವಿರಾರು ಓಮ್. ಒಂಬತ್ತರಿಂದ ಭಾಗಿಸಿದರೂ ನೂರಾರು. ಡಿಪಾರ್ಟ್‌ಮೆಂಟಿಂದ ತಂದಿದ್ದ ನ್ಯಾನೋವಿಎನ್‌ಎ ಹಾಕಿ ನೋಡಿದರೆ ಎಸ್‌ಡಬ್ಲ್ಯೂಆರ್ 9. ಇಂಥ ಟ್ಯೂನರ್‌ಗಳು ಸಾಮಾನ್ಯವಾಗಿ 10 ತನಕ ಎಳೆದಾಡುತ್ತವೆ, ಆದರೆ ಏದುಸಿರು ಬಿಟ್ಕೊಂಡು.

ಸರ್‌ಗೆ ಫೋನ್ ಮಾಡಿದಾಗ "ಅರ್ಧ ಅಲೆ ಎಲ್ಲೆಲ್ಲಿ ಬೀಳುತ್ತೋ ಅಲ್ಲೆಲ್ಲ ತಪ್ಪಿಸ್ಕೊಂಡು ಕತ್ತರಿಸಿ" ಅಂದ್ರು. ಕೂತು ಲೆಕ್ಕ ಹಾಕಿದ್ವಿ. 7 ಮೆಗಾಹರ್ಟ್ಸ್‌ಗೆ 20 ಮೀಟರ್ ಬೇಡ. 14ಕ್ಕೆ 10, 20 ಬೇಡ. 21ಕ್ಕೆ 7, 13, 20ರ ಹತ್ತಿರ ಬೇಡ. 28ಕ್ಕೆ 5, 10, 15, 20 ಬೇಡ. ಉಳಿದ ಸಂದಿಗಳಲ್ಲಿ ನಮ್ಮ ಟೆರೇಸಿಂದ ತೆಂಗಿನಮರಕ್ಕೆ ಸರಿಹೋಗಿದ್ದು 17.7 ಮೀಟರ್. ಜೊತೆಗೆ ಸುಮಾರು 5 ಮೀಟರಿನ ಇನ್ನೊಂದು ತಂತಿ ಟೆರೇಸ್ ಮೇಲೆ ಸುಮ್ಮನೆ ಮಲಗಿಸಿದ್ವಿ, ಕೌಂಟರ್‌ಪಾಯ್ಸ್ ಅಂತ. ಅದಿಲ್ಲದಿದ್ದರೆ ಕೋಆಕ್ಸಿನ ಹೊರಮೈಯೇ ಆ ಕೆಲಸ ಮಾಡೋಕೆ ಹೋಗಿ, ಕೆಳಗೆ ರೂಮಲ್ಲಿ ಲ್ಯಾಪ್‌ಟಾಪಿನ ಮೌಸ್ ತಾನಾಗೇ ಓಡಾಡೋದು, ಮೈಕ್ ಹಿಡಿದರೆ ತುಟಿ ಜುಮ್ಮೆನ್ನೋದು ಎಲ್ಲ ಆಗುತ್ತೆ. ರೇಡಿಯೋ ಹತ್ತಿರ ಕೋಆಕ್ಸನ್ನ ಹತ್ತು ಸುತ್ತು ಸುರುಳಿ ಸುತ್ತಿ ಕಟ್ಟಿದ್ದೂ ಇದಕ್ಕೇ.

17.7 ಮೀಟರ್ ಹಾಕಿದ ಮೇಲೆ 7.1 ಮೆಗಾಹರ್ಟ್ಸಲ್ಲಿ ಟೆರೇಸ್ ಮೇಲೆ ಅಳೆದಾಗ 5. ಕೋಆಕ್ಸಿನ ಕೆಳಗಿನ ತುದಿಯಲ್ಲಿ ಅಳೆದಾಗ 3.3. ಅದೇ ಆಂಟೆನಾ, ಅದೇ ದಿನ. ಕೆಳಗೆ ಕಮ್ಮಿ ಬಂತಲ್ಲ ಅಂತ ಖುಷಿಪಟ್ಟು ನೋಟ್‌ಬುಕ್ಕಲ್ಲಿ ಎರಡೂ ಬರೆದಿಟ್ಟು ಮರೆತುಬಿಟ್ವಿ. ಅಲ್ಲೇ ನಿಂತು ಯಾಕೆ ಅಂತ ಯೋಚಿಸಿದ್ದರೆ ಮುಂದಿನ ಒಂದು ತಿಂಗಳು ಉಳೀತಿತ್ತು.

ಟ್ಯೂನರನ್ನ ಕೆಳಗೆ ರೂಮಲ್ಲೇ, ರೇಡಿಯೋ ಪಕ್ಕದಲ್ಲಿ ಇಟ್ವಿ. ರೇಡಿಯೋದಿಂದ ಒಂದು ಗಿಡ್ಡ ಕೇಬಲ್ ಟ್ಯೂನರಿನ ಇನ್‌ಪುಟ್‌ಗೆ, ಔಟ್‌ಪುಟ್‌ನಿಂದ 25 ಮೀಟರ್ ಆರ್‌ಜಿ-58 ಕೋಆಕ್ಸ್ ಟೆರೇಸಿಗೆ, ಟ್ಯೂನರಿಗೆ ಬೇರೆ 12 ವೋಲ್ಟ್. ಇನ್‌ಪುಟ್ ಔಟ್‌ಪುಟ್ ಅದಲುಬದಲು ಮಾಡಬೇಡಿ, ಅಳೆಯೋ ಭಾಗ ಇನ್‌ಪುಟ್ ಕಡೆ ಇದೆ.

ಟ್ಯೂನ್ ಮಾಡೋ ಕ್ರಮ ಹೀಗೆ. ಮೊದಲು ಕೇಳಿ. ಆ ಫ್ರೀಕ್ವೆನ್ಸಿಯಲ್ಲಿ ಯಾರಾದರೂ ಮಾತಾಡ್ತಿದ್ದರೆ ಪಕ್ಕಕ್ಕೆ ಸರಿಯಿರಿ. ಖಾಲಿ ಅನಿಸಿದರೂ ನಿಮ್ಮ ಕರೆಚಿಹ್ನೆ ಹೇಳಿ, ಯಾರಾದರೂ ಇದ್ದೀರಾ ಅಂತ ಒಮ್ಮೆ ಕೇಳಿ. ಪವರ್ 10 ವಾಟ್‌ಗೆ ಇಳಿಸಿ. ಮೋಡ್ ಅನ್ನು ಎಫ್‌ಎಂ ಅಥವಾ ಎಎಂಗೆ ಬದಲಿಸಿ, ಪಿಟಿಟಿ ಹಿಡಿದು ಟ್ಯೂನ್ ಬಟನ್ ಒತ್ತಿ. ಚಟಚಟ ನಿಂತಮೇಲೆ ಡಿಸ್‌ಪ್ಲೇ ನೋಡಿ, ಪಿಟಿಟಿ ಬಿಡಿ, ಮೋಡ್ ವಾಪಸ್ ಎಸ್‌ಎಸ್‌ಬಿಗೆ ತಂದು, ಆಮೇಲೆ ಪವರ್ ಏರಿಸಿ. ಮೋಡ್ ಯಾಕೆ ಬದಲಿಸಬೇಕು ಅಂದರೆ, ಎಸ್‌ಎಸ್‌ಬಿಯಲ್ಲಿ ಕ್ಯಾರಿಯರ್ ಇರಲ್ಲ. ಮಾತಾಡದೆ ಪಿಟಿಟಿ ಒತ್ತಿದರೆ ಹೊರಗೆ ಹೋಗೋದು ಸೊನ್ನೆ. ನಾವು ಇದನ್ನ ಮರೆತು, ಟ್ಯೂನರ್ ಕೆಟ್ಟಿದೆ ಅಂತ ಅರ್ಧ ಗಂಟೆ ಸಾಲ್ಡರಿಂಗ್ ಚೆಕ್ ಮಾಡಿ, ಕಡೆಗೆ ಮೈಕಲ್ಲಿ ಸಿಳ್ಳೆ ಹೊಡೆದು ಟ್ಯೂನ್ ಮಾಡಿದ್ದೀವಿ. ಸಿಳ್ಳೆ ಕೆಲಸ ಮಾಡುತ್ತೆ, ಆದರೆ ಶೋಭೆ ಅಲ್ಲ.

ಈ ಟ್ಯೂನರಲ್ಲಿ ಆಟೋ ಮೋಡ್ ಕೂಡ ಇದೆ, ಎಸ್‌ಡಬ್ಲ್ಯೂಆರ್ ಏರಿದ್ರೆ ತಾನೇ ಮತ್ತೆ ಹುಡುಕೋಕೆ ಶುರು ಮಾಡುತ್ತೆ. ನಾವು ಅದನ್ನ ಆಫ್ ಮಾಡಿಟ್ಟಿದ್ದೀವಿ. ಪೂರ್ತಿ ಪವರ್ ಹರೀತಿರುವಾಗ ರಿಲೇ ಬದಲಾದರೆ ಅದರ ಕಾಂಟ್ಯಾಕ್ಟಲ್ಲಿ ಕಿಡಿ ಏಳುತ್ತೆ, ದಿನ ಕಳೆದಂತೆ ರಿಲೇ ಹಾಳು.

ಜುಲೈ ಎರಡನೇ ವಾರ ಲೈಸೆನ್ಸ್ ಬಂತು. ಆ ಭಾನುವಾರ 8 ಗಂಟೆಗೆ ಟ್ಯೂನ್ ಒತ್ತಿದ್ವಿ, 1.1 ಬಂತು. ಒಳ್ಳೇ ಶಕುನ. 20 ವಾಟಲ್ಲಿ ಸರ್ ಕರೆಚಿಹ್ನೆ ಕೂಗಿದ್ವಿ. ಉತ್ತರ ಇಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಫೋನ್ ಮಾಡಿದರೆ, "ಕೂತಿದ್ದೀನಪ್ಪ, ಏನೂ ಬರ್ತಿಲ್ಲ" ಅಂದ್ರು. ಬ್ಯಾಂಡ್ ಸರಿ ಇಲ್ವೇನೋ ಅಂತ ನಾವೇ ಸಮಾಧಾನ ಮಾಡ್ಕೊಂಡ್ವಿ. ಎರಡನೇ ಭಾನುವಾರ, ಮೂರನೇ ಭಾನುವಾರ, ಅದೇ ಕಥೆ. ಇಂಟರ್ನೆಟ್ ಮೂಲಕ ದೂರದಿಂದಲೇ ಕೇಳಬಹುದಾದ ಕಿವಿ ಎಸ್‌ಡಿಆರ್ ಅನ್ನೋ ರಿಸೀವರ್‌ಗಳಿವೆ (ಹೆಸರು ಕನ್ನಡದ ಕಿವಿ ಅಲ್ಲ, ಆದರೆ ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ). ಅದರಲ್ಲೂ ನಮ್ಮ ದನಿ ಇಲ್ಲ. ಬೇರೆಯವರು ಕೇಳಿಸ್ತಿದ್ದಾರೆ. ಟ್ಯೂನರ್ ಮಾತ್ರ ಪ್ರತಿ ಸಲ 1.1 ಅಂತ ನಗ್ತಾ ಇದೆ.

ನಾಲ್ಕನೇ ಭಾನುವಾರ ಸರ್ ಫೋನ್ ಎತ್ತಲಿಲ್ಲ. ಅವರ ಮನೆಯವರು ಎತ್ತಿ, "ಅವರಿಗೆ ಜ್ವರ. ಆದ್ರೂ ಎಂಟು ಗಂಟೆಗೆ ಎದ್ದು ಹೆಡ್‌ಫೋನ್ ಹಾಕ್ಕೊಂಡು ಕೂತಿದ್ರು, ಈಗ ಮಲಗಿದಾರೆ" ಅಂದ್ರು. ನಮ್ಮ ನಾಲ್ಕು ಜನಕ್ಕೂ ಮುಖ ಎತ್ತೋಕಾಗಲಿಲ್ಲ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಕೇಳಿದ ಮೊದಲ ಪ್ರಶ್ನೆ: "ಟ್ಯೂನರ್ ತೆಗೆದುಹಾಕಿ ಅಳೆದ್ರೆ ಎಷ್ಟು ಬರುತ್ತೆ?" ಅಳೆದು, "1.3 ಸರ್, ತುಂಬಾ ಚೆನ್ನಾಗಿದೆ" ಅಂದ್ವಿ. ಆ ಕಡೆ ಸ್ವಲ್ಪ ಹೊತ್ತು ಮೌನ. "ಮೇ ತಿಂಗಳಲ್ಲಿ 3.3 ಅಂದಿದ್ರಿ. ಮಳೆ ಬಂದ್ಮೇಲೆ ಆಂಟೆನಾ ತಾನಾಗೇ ಒಳ್ಳೇದಾಯ್ತೇನ್ರಪ್ಪಾ? ಮೇಲೆ ಹೋಗಿ, ತಂತಿ ಬಿಚ್ಚಿ, ಮತ್ತೆ ಕೆಳಗೆ ಅಳೀರಿ."

ಬಿಚ್ಚಿದ್ವಿ. ಕೋಆಕ್ಸಿನ ಮೇಲ್ತುದಿಗೆ ಈಗ ಏನೂ ಕನೆಕ್ಟ್ ಆಗಿಲ್ಲ, ಬರೀ ಗಾಳಿ. ಕೆಳಗೆ ಎಸ್‌ಡಬ್ಲ್ಯೂಆರ್ 1.5.

ಇದು ಯಾಕೆ ಭಯಾನಕ ಅಂದರೆ, ತುದಿ ಖಾಲಿ ಇದ್ದರೆ ಅಲ್ಲಿಗೆ ಹೋದ ಪವರ್ ಅಷ್ಟೂ ವಾಪಸ್ ಬರಬೇಕು. ಒಳ್ಳೇ ಆರ್‌ಜಿ-58 ಆದರೆ 7 ಮೆಗಾಹರ್ಟ್ಸಲ್ಲಿ 25 ಮೀಟರ್‌ಗೆ ಸುಮಾರು 1 ಡಿಬಿ ಲಾಸ್. ಹೋಗ್ತಾ 1, ಬರ್ತಾ 1, ಒಟ್ಟು 2 ಡಿಬಿ. ಆಗ ಕೆಳಗೆ ಎಸ್‌ಡಬ್ಲ್ಯೂಆರ್ 9ರ ಹತ್ತಿರ ಬರಬೇಕಿತ್ತು. 1.5 ಬಂತು ಅಂದರೆ ವಾಪಸ್ ಬಂದ ಅಲೆ 14 ಡಿಬಿ ಕುಗ್ಗಿದೆ. ಅರ್ಧ ಮಾಡಿದರೆ ಒಂದು ಕಡೆಗೆ 7 ಡಿಬಿ. ಐದರಲ್ಲಿ ಒಂದು ಪಾಲು ಮಾತ್ರ ಮೇಲೆ ತಲುಪ್ತಿದೆ, ಉಳಿದ ನಾಲ್ಕು ಪಾಲು ಕೇಬಲ್ಲನ್ನೇ ಬಿಸಿ ಮಾಡ್ತಿದೆ. ಅದೂ ಮೇಲೆ ಎಲ್ಲಾ ಹೊಂದಿಕೆಯಾಗಿದ್ದರೆ. ನಮ್ಮ ಆಂಟೆನಾ ಎಸ್‌ಡಬ್ಲ್ಯೂಆರ್ 5 ಇರೋದ್ರಿಂದ ಇನ್ನೂ ಕಮ್ಮಿ, ನಮ್ಮ 20 ವಾಟಲ್ಲಿ 2 ವಾಟ್ ಆಸುಪಾಸು. ಟ್ಯೂನರ್‌ಗೆ ಇದೆಲ್ಲ ಕಾಣಲ್ಲ. ವಾಪಸ್ ಬರೋದು ಕಮ್ಮಿ ಇದೆಯಾ, ಹಾಗಾದರೆ 1.1. ಹೊರಗೆ ಥಳುಕು, ಒಳಗೆ ಹುಳುಕು. ಇನ್ನೊಂದು ಸುಳಿವೂ ಇತ್ತು. ಡಿಸ್‌ಪ್ಲೇಯಲ್ಲಿ ಟ್ಯೂನರ್ ಎಷ್ಟು ಇಂಡಕ್ಟೆನ್ಸ್, ಎಷ್ಟು ಕೆಪಾಸಿಟೆನ್ಸ್ ಹಾಕಿದೆ ಅಂತ ತೋರಿಸುತ್ತೆ. ಎಲ್ಲ ಭಾನುವಾರವೂ ಬರೀ ಸಣ್ಣ ರಿಲೇಗಳು ಮಾತ್ರ ಆನ್ ಆಗಿದ್ವು. 3.3 ಅನ್ನು ಸರಿಮಾಡೋಕೆ ಅಷ್ಟು ಸಾಲಲ್ಲ ಅಂತ ನಮಗೆ ಹೊಳೀಬೇಕಿತ್ತು. ನಾವು ನೋಡಿದ್ದು ಎಸ್‌ಡಬ್ಲ್ಯೂಆರ್ ಒಂದನ್ನೇ.

ಮೇಲಿನ ಪಿಎಲ್-259 ಕನೆಕ್ಟರ್ ಬಿಚ್ಚಿದಾಗ ಒಳಗಿಂದ ನೀರು ತೊಟ್ಟಿಕ್ಕಿತು. ಬ್ರೇಡ್ ತಾಮ್ರದ ಬಣ್ಣ ಹೋಗಿ ಕಪ್ಪಾಗಿತ್ತು. ಒಂದು ಅಡಿ ಕತ್ತರಿಸಿದ್ವಿ, ಕಪ್ಪು. ಇನ್ನೊಂದು ಮೀಟರ್ ಕತ್ತರಿಸಿದ್ವಿ, ಇನ್ನೂ ಕಪ್ಪು. ಬತ್ತಿ ಎಣ್ಣೆ ಹೀರೋ ಹಾಗೆ ಬ್ರೇಡ್ ನೀರನ್ನ ಕೆಳಗೆ ಎಳ್ಕೊಂಡಿತ್ತು. ಮೇ ತಿಂಗಳಲ್ಲಿ ನಾವು ಅದಕ್ಕೆ ಸುತ್ತಿದ್ದು ಎಲೆಕ್ಟ್ರಿಕಲ್ ಅಂಗಡಿಯ ಮಾಮೂಲಿ ಇನ್ಸುಲೇಷನ್ ಟೇಪ್. ಈ ಊರಿನ ಮಳೆಗೆ ಅದು ಯಾವ ಲೆಕ್ಕ.

ಈಗ ಮಾಡಿರೋದು ಇಷ್ಟು. ಹೊಸ ಕೋಆಕ್ಸ್. ಕನೆಕ್ಟರ್ ಮೇಲೆ ಎಳೆದು ಸುತ್ತಿದರೆ ತನಗೆ ತಾನೇ ಅಂಟಿ ಒಂದೇ ರಬ್ಬರ್ ಆಗೋ ಟೇಪ್, ಅದರ ಮೇಲೆ ಮಾಮೂಲಿ ಟೇಪ್. ಕನೆಕ್ಟರಿಗೆ ಮುಂಚೆ ಕೇಬಲ್ಲನ್ನ ಒಮ್ಮೆ ಕೆಳಗೆ ಬಗ್ಗಿಸಿ ಮೇಲೆ ತಂದಿದ್ದೀವಿ, ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ. ಟ್ಯೂನರನ್ನೂ ಟೆರೇಸಿಗೆ ಸಾಗಿಸಿದ್ವಿ, ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನೀರಿನ ಟ್ಯಾಂಕ್ ಕೆಳಗಿನ ನೆರಳಲ್ಲಿ. ಟ್ಯೂನರ್ ಕೆಳಗಿದ್ದಾಗ 25 ಮೀಟರ್ ಕೇಬಲ್ ಪೂರ್ತಿ ಎಸ್‌ಡಬ್ಲ್ಯೂಆರ್ 5ರಲ್ಲಿ ಕೆಲಸ ಮಾಡ್ತಿತ್ತು, ಹೊಸ ಕೇಬಲ್ಲೇ ಆದರೂ 1 ಡಿಬಿ ಬದಲು 2 ಡಿಬಿ ಲಾಸ್. ಈಗ ಆ 5 ಅನ್ನೋದು ಟ್ಯೂನರ್ ಮತ್ತು ತಂತಿ ನಡುವಿನ ಅರ್ಧ ಮೀಟರಿಗೆ ಸೀಮಿತ. ಅನನುಕೂಲ ಏನಂದ್ರೆ ಟ್ಯೂನ್ ಬಟನ್ ಒತ್ತೋಕೆ ಒಬ್ಬರು ಮೇಲೆ ಹೋಗ್ಬೇಕು, ತಂತಿಯಿಂದ ದೂರ ನಿಂತು. ಟ್ರಾನ್ಸ್‌ಮಿಟ್ ಆಗುವಾಗ ತಂತಿ ಮುಟ್ಟಿದ್ರೆ ಬೆರಳು ಸುಡುತ್ತೆ. ಗುಡುಗು ಬಂದರೆ ಯಾರೂ ಮೇಲೆ ಹೋಗಲ್ಲ. ಗುಡುಗೋಕೆ ಮುಂಚೆಯೇ ಕೋಆಕ್ಸ್ ಬಿಚ್ಚಿ ರೂಮಿಂದ ಹೊರಗೆ ಹಾಕ್ತೀವಿ.

ತಿಂಗಳಿಗೊಮ್ಮೆ ತಂತಿ ಬಿಚ್ಚಿ, ತುದಿ ಖಾಲಿ ಬಿಟ್ಟು, ಕೆಳಗೆ ಅಳೆದು ನೋಟ್‌ಬುಕ್ಕಲ್ಲಿ ಬರೀತೀವಿ. ಆ ಅಂಕಿ ಜಾಸ್ತಿ ಇದ್ದಷ್ಟೂ ಕೇಬಲ್ ಚೆನ್ನಾಗಿದೆ ಅಂತ. ಹೊಸ ಕೇಬಲ್‌ಗೆ 8.5 ಬಂದಿದೆ.

ಮುಂದಿನ ಭಾನುವಾರ ಒಬ್ಬ ಟೆರೇಸಲ್ಲಿ ಕೊಡೆ ಹಿಡ್ಕೊಂಡು ಬಟನ್ ಒತ್ತಿದ, ಮೂವರು ಕೆಳಗೆ. ಮೂರನೇ ಸಲ ಕೂಗಿದಾಗ ಸ್ಪೀಕರಲ್ಲಿ ಗರಗರ ಸದ್ದಿನ ನಡುವೆ ಸರ್ ದನಿ, ನಮ್ಮ ಕರೆಚಿಹ್ನೆ ಪೂರ್ತಿ ಹೇಳಿ, "5 ಮತ್ತು 7" ಅಂದರು. ಐದು ಅಂದರೆ ಮಾತು ಪೂರ್ತಿ ಅರ್ಥ ಆಗ್ತಿದೆ, ಏಳು ಅಂದರೆ ಸಿಗ್ನಲ್ ಪರವಾಗಿಲ್ಲ. ಮೈಕ್ ಹಿಡಿದಿದ್ದವಳಿಗೆ ಮುಂದೆ ಏನು ಹೇಳ್ಬೇಕು ಅಂತಾನೇ ಮರೆತುಹೋಯ್ತು. ಜ್ವರ ಹೇಗಿದೆ ಸರ್ ಅಂತ ಕೇಳಿದಳು. ಅದಕ್ಕೆ ಉತ್ತರ ಕೊಡದೆ ಅವರು ಟ್ಯೂನರ್ ಎಷ್ಟು ತೋರಿಸ್ತಿದೆ ಅಂತ ಕೇಳಿದರು. ಮೇಲಿದ್ದವನಿಗೆ ಫೋನ್ ಮಾಡಿ ಕೇಳಿ, "1.3 ಸರ್, ಮತ್ತೆ ಟ್ಯೂನ್ ಮಾಡೋದಾ?" ಅಂದ್ವಿ.

"ಮುಟ್ಟಬೇಡಿ" ಅಂದ್ರು.